ಕಲಘಟಗಿ ತೊಟ್ಟಿಲಿಗೊಂದು ತೊಲೆ

ಡ್ರಿಲ್ ಮಷಿನ್ ಕೈಗೆ ಬಂದ ಕೂಡಲೇ ಎಲ್ಲರಿಗೂ ಹಿಡಿಯುವ ಹುಚ್ಚು ಒಂದೇ. ಸುತ್ತಿಗೆಯ ಚಿತ್ರ ಇರುವ ಕಡೆಗೆ ಗುಬುಟು ತಿರುಗಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತುವುದು. ಗೋಡೆ ಹಳೇ ಜನ್ಮದ ವೈರಿ ಎನ್ನುವ ಹಾಗೆ ಹಲ್ಲು ಕಚ್ಚಿಕೊಂಡು ಒತ್ತುವವರನ್ನು ನಾನು ನೋಡಿದ್ದೇನೆ. ನನ್ನ ಮಷಿನ್ನಿನ ಗುಬುಟಿಗೆ ಮೂರು ಸ್ಥಾನಗಳಿವೆ: ಬರೀ ತಿರುಗುವುದು, ತಿರುಗುತ್ತಾ ಕುಟ್ಟುವುದು, ಬರೀ ಕುಟ್ಟುವುದು. ಎಲ್ಲಿ ಕುಟ್ಟಬಾರದು ಎಂದು ತಿಳಿದಿರುವುದೇ ಈ ಕಸುಬಿನ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಏಣಿ ಹೊರುವುದು.

ನಾನಿರುವುದು ಡಚ್ಚರ ದೇಶದ ಬಾಡ್‌ಹೂವೆಡಾರ್ಪ್‌ನಲ್ಲಿ. ನಮ್ಮ ಕಡೆಯವರ ಮನೆಗಳಲ್ಲಿ ದೇವರ ಮಂಟಪ, ಪುಸ್ತಕದ ಕಪಾಟು, ಟಿವಿ, ಪರದೆಯ ಸರಳು, ಹೀಗೆ ಗೋಡೆಗೆ ಏನೆಲ್ಲ ಅಂಟಿಕೊಳ್ಳಬೇಕೋ ಅದನ್ನು ಕೂರಿಸಿಕೊಟ್ಟು ಬರುವುದು ನನ್ನ ಕೆಲಸ. ಹೆಂಗಸು ಏಣಿ ಹತ್ತಿದರೆ ಕೆಳಗೆ ನಿಂತು ಸಲಹೆ ಕೊಡುವ ಗಂಡಸರು ಎಲ್ಲ ದೇಶದಲ್ಲೂ ಇರುತ್ತಾರೆ. ಅವರಿಗೆ ಏಣಿ ಹಿಡಿದುಕೊಳ್ಳಲು ಹೇಳಿಬಿಡುತ್ತೇನೆ. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನಾಗಿ ಸುಮ್ಮನಾಗುತ್ತದೆ.

ವಾಗೆನಿಂಗನ್‌ನಿಂದ ಫೋನ್ ಮಾಡಿದ್ದವನೂ ಅಂಥವನೇ. ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಹೆಂಡತಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು, ಈಗ ಬಾಣಂತಿ ರಜೆಯಲ್ಲಿದ್ದಳು.

"ಮೇಡಮ್, ಒಂದು ತೊಟ್ಟಿಲು ಹ್ಯಾಂಗ್ ಮಾಡ್ಬೇಕಿತ್ತು. ಸೀಲಿಂಗ್ ಪಕ್ಕಾ ಕಾಂಕ್ರೀಟು. ನಾನು ಚೆಕ್ ಮಾಡಿದೀನಿ."

"ಹೇಗೆ ಚೆಕ್ ಮಾಡಿದ್ರಿ?"

"ತಟ್ಟಿ ನೋಡ್ದೆ."

ಕಲ್ಲಂಗಡಿ ಹಣ್ಣೇ ಇದು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಶನಿವಾರ ಸಂಜೆ ನಾಲ್ಕಕ್ಕೆ ಮಗುವಿಗೆ ಹೆಸರಿಡುವುದು, ಬೆಳಗ್ಗೆ ಬಂದು ಕೊಕ್ಕೆ ಹಾಕಿಕೊಟ್ಟರೆ ಸಾಕು ಎಂದ. ಮೇಲಿನ ಮನೆಯ ಡಚ್ ಯಜಮಾನರನ್ನು ಕೇಳಿ, ಹನ್ನೆರಡರವರೆಗೆ ಸದ್ದು ಮಾಡಲು ಒಪ್ಪಿಗೆಯನ್ನೂ ಪಡೆದಿದ್ದ. ಅಷ್ಟು ತಿಳಿವಳಿಕೆ ಇದ್ದವನು ತಟ್ಟಿ ನೋಡಿದ್ದನ್ನು ನಾನು ಕ್ಷಮಿಸಿದೆ.

ಶನಿವಾರ ವ್ಯಾನು ನಿಲ್ಲಿಸಿ ಒಳಗೆ ಹೋದರೆ, ಬಾಣಂತಿಯ ತಾಯಿ ಬಾಗಿಲಲ್ಲೇ ನಿಂತಿದ್ದರು. ಕಲಘಟಗಿಯವರು. ಇಳಕಲ್ ಸೀರೆಯ ಮೇಲೆ ಅಳಿಯನ ದಪ್ಪ ಸ್ವೆಟರು, ಕಾಲಿಗೆ ಉಣ್ಣೆಯ ಚೀಲ.

"ಬಾ ತಂಗಿ, ಒಳಗ ಬಾ. ಮೊದಲ ಚಾ ಕುಡಿ, ಆಮ್ಯಾಲ ಕೆಲಸಾ. ನೀ ಬರ್ತಿ ಅಂತ ಮುಂಜಾನಿಂದ ದಾರಿ ಕಾಯಾಕತ್ತೀನಿ."

ಹಾಲಿನ ನಡುವೆ ಚಾಪೆಯ ಮೇಲೆ ತೊಟ್ಟಿಲನ್ನು ಬಿಚ್ಚಿ ಹರಡಿದ್ದರು. ಕಲಘಟಗಿಯ ಬಣ್ಣದ ತೊಟ್ಟಿಲು ಎಂದರೆ ಕೇಳಿದ್ದೆ, ಮುಟ್ಟಿರಲಿಲ್ಲ. ಅರಗಿನ ಕೆಂಪು, ಹಳದಿ, ಹಸಿರು. ಪಟ್ಟಿಯ ಮೇಲೆ ಸಾಲಾಗಿ ಗಿಳಿಗಳು, ಬಳ್ಳಿಗಳು. ಮೂಲೆಗಳಲ್ಲಿ ಕಡೆದ ಗೂಟಗಳು. ಒಂದು ಮೊಳೆ ಇಲ್ಲ, ಎಲ್ಲವೂ ಬೆಣೆ ಮತ್ತು ಸಂದು. ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಮೇಲೆ ಎರಡು ಕೊಂಡಿ. ಆ ಅಮ್ಮ ಅದನ್ನು ಬಿಚ್ಚಿ, ಸೀರೆಗಳಲ್ಲಿ ಸುತ್ತಿ, ವಿಮಾನದಲ್ಲಿ ತಂದಿದ್ದರು. ಮಗಳು ಮಲಗಿದ್ದ ತೊಟ್ಟಿಲು ಅದು. ಈ ಅಮ್ಮನೂ ಕೂಸಾಗಿದ್ದಾಗ ಅದರಲ್ಲೇ ಮಲಗಿದ್ದರಂತೆ.

ವೀಸಾ ಸಿಗುವುದು ತಡವಾಗಿ ಅವರು ಹೆರಿಗೆಗೆ ಬರಲಾಗಿರಲಿಲ್ಲ. ಅವರು ಬರುವವರೆಗೆ ಹೆಸರಿಡುವುದನ್ನೂ ನಿಲ್ಲಿಸಿಕೊಂಡಿದ್ದರು. ಪಾಲಿಕೆಯ ಕಚೇರಿಯಲ್ಲಿ ಮಗುವಿಗೆ ಹೆಸರು ಎಂದೋ ಬರೆಸಿ ಆಗಿತ್ತು, ಆದರೆ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಕರೆಯದ ಹೆಸರು ಆ ಅಮ್ಮನ ಲೆಕ್ಕಕ್ಕೆ ಇಲ್ಲ. ಮನೆಯಲ್ಲಿ ಇನ್ನೂ ಎಲ್ಲರೂ 'ಕೂಸು' ಎಂದೇ ಕರೆಯುತ್ತಿದ್ದರು.

"ಮುಂದಿನ ವಾರ ನಾ ಹೊಂಟೆ. ಇದರಾಗ ಮಲಗಿಸಿ, ಒಂದ್ ಜೋಗುಳ ಹಾಡಿ, ಹೆಸರ ಹಿಡದ ಕರದ ಹೋಗಬೇಕು ನಾ. ಅಷ್ಟ ನಂದು," ಎಂದರು.

ಮಗಳು ನಕ್ಕಳು. "ಮೂರು ಸಲ ವಿಡಿಯೋ ಕಾಲ್‌ನಲ್ಲಿ ಸೀಲಿಂಗ್ ತೋರಿಸು ಅಂದಿದ್ದಾಳೆ ಮೇಡಮ್ ಅವ್ವ. ನನ್ನ ಮುಖ ನೋಡಿದ್ದಕ್ಕಿಂತ ಸೀಲಿಂಗ್ ನೋಡಿದ್ದೇ ಜಾಸ್ತಿ."

ನಾನು ಏಣಿ ತರಲು ವ್ಯಾನಿಗೆ ಹೋಗಿ ಬರುವಷ್ಟರಲ್ಲಿ, ತೆರೆದಿಟ್ಟಿದ್ದ ಪೆಟ್ಟಿಗೆಯಲ್ಲಿ ನನ್ನ ಮಷಿನ್ನಿಗೆ ಪೂಜೆ ನಡೆದಿತ್ತು. ಹಿಡಿಯ ಮೇಲೆ ಅರಿಶಿಣ, ಕುಂಕುಮ. ಮೇಲೆ ಅರಿಶಿಣ ಹಚ್ಚಿದ ಅಕ್ಕಿಕಾಳು. ಬಾಣಂತಿ ಇರುವ ಮನೆಗೆ ಕಬ್ಬಿಣ ಬಂದಿದೆ, ಅದೂ ತೊಟ್ಟಿಲ ಕೆಲಸಕ್ಕೆ ಬಂದಿದೆ, ಹಾಗೇ ಮುಟ್ಟುವುದು ಹೇಗೆ ಎಂದರು. ನನ್ನ ಮಷಿನ್ನಿಗೆ ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಸಿಗುವ ಮರ್ಯಾದೆ ಶನಿವಾರ ಬೆಳಗ್ಗೆಯೇ ಸಿಕ್ಕಿತು. ನನಗೂ ಖುಷಿಯಾಯಿತು. ಅಕ್ಕಿಕಾಳು ಕೊಡವಿ, ಹಿಡಿ ಒರೆಸಿಕೊಂಡೆ.

ಸೂರಿಗೆ ಕೈ ಹಾಕುವ ಮೊದಲು ನಾನು ಮಾಡುವ ಕೆಲಸಗಳಿವೆ. ತಂತಿ ಮತ್ತು ಕಬ್ಬಿಣ ಎಲ್ಲಿದೆ ಎಂದು ತೋರಿಸುವ ಸಣ್ಣ ಯಂತ್ರವನ್ನು ಮೊದಲು ಸೂರಿನ ಉದ್ದಕ್ಕೂ ಸರಿಸಿದೆ. ದೀಪದ ತಂತಿ ಒಂದು ಕಡೆ ಸಿಕ್ಕಿತು. ಕಬ್ಬಿಣ ಅಲ್ಲೊಂದು ಇಲ್ಲೊಂದು ಗೆರೆಯಾಗಿ ಸಿಕ್ಕಿತು, ನಮ್ಮ ಆರ್‌ಸಿಸಿ ಚಾವಣಿಯ ಹಾಗೆ ಜಾಲರಿಯಾಗಿ ಅಲ್ಲ. ಅದು ನನಗೆ ಸೇರಲಿಲ್ಲ. ಮಹಾಯುದ್ಧದ ಆಚೀಚೆ ಕಟ್ಟಿದ ಮನೆಗಳ ಸೂರಿನ ಗಾರೆಯೊಳಗೆ ಏನಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಹೀಗಾಗಿ ನನ್ನದೊಂದು ನಿಯಮ: ಗೊತ್ತಿಲ್ಲದ ಸೂರಿಗೆ ಮೊದಲ ತೂತು ಸಣ್ಣ ಬಿಟ್ಟಿನಲ್ಲಿ, ಅಂದರೆ ಸಣ್ಣ ಕೊರೆಮೊನೆಯಲ್ಲಿ, ಬರೀ ತಿರುಗಿಸಿ, ಕುಟ್ಟದೆ. ಬೀಳುವ ಪುಡಿಯ ಬಣ್ಣ ನೋಡಬೇಕು. ಬೂದು ಬಂದರೆ ಕಾಂಕ್ರೀಟು, ಕೆಂಪು ಬಂದರೆ ಇಟ್ಟಿಗೆ. ಆಮೇಲೆ ಕುಟ್ಟಬೇಕೋ ಬೇಡವೋ ಎಂಬ ಮಾತು.

ಆ ಬಿಟ್ಟನ್ನು ಮಷಿನ್ನಿಗೆ ಸಿಕ್ಕಿಸಿ ಎಳೆದು ನೋಡಿದೆ, ಕಚ್ಚಿಕೊಂಡಿತ್ತು. ಪಕ್ಕದ ಹಿಡಿಯನ್ನು ಎಡಗೈಗೆ ಬರುವಂತೆ ಬಿಗಿ ಮಾಡಿದೆ. ಬಿಟ್ಟು ಎಲ್ಲಾದರೂ ಸಿಕ್ಕಿಕೊಂಡರೆ ಮಷಿನ್ನೇ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ, ಅದಕ್ಕೇ ಆ ಹಿಡಿ ಇರುವುದು. ಟ್ರಿಗರ್ ಒತ್ತಿದ ಹಾಗೇ ನಿಲ್ಲಿಸುವ ಗುಂಡಿಯನ್ನು ಏಣಿಯ ಮೇಲೆ ನಾನು ಮುಟ್ಟುವುದಿಲ್ಲ. ಬೆರಳು ಬಿಟ್ಟರೆ ಮಷಿನ್ ನಿಲ್ಲಬೇಕು. ಗುಬುಟನ್ನು ಬರೀ ತಿರುಗುವ ಗುರುತಿಗೆ ತಿರುಗಿಸಿದೆ. ಆ ಗುಬುಟು ತನ್ನ ಜಾಗಕ್ಕೆ ಕೂತಾಗ 'ಕಟ್' ಎನ್ನಬೇಕು. ಅಂದು ಅನ್ನಲಿಲ್ಲ. ಗುಬುಟಿನ ಮೇಲಿನ ಬಾಣದ ಗುರುತು ಮಾತ್ರ ಸರಿಯಾದ ಚಿತ್ರದ ಎದುರೇ ಇತ್ತು. ಒಳಗಿನ ಹಲ್ಲುಗಳು ಒಮ್ಮೊಮ್ಮೆ ಎದುರುಬದುರಾಗಿ ನಿಂತು ಹೀಗಾಗುವುದುಂಟು, ಒಂದು ಸುತ್ತು ತಿರುಗಿದರೆ ತಾನಾಗಿ ಕೂರುತ್ತದೆ ಎಂದುಕೊಂಡು ಏಣಿ ಹತ್ತಿದೆ. ಅಳಿಯ ಏಣಿ ಹಿಡಿದುಕೊಂಡ. ಅಮ್ಮ ತೊಟ್ಟಿಲ ತುಂಡುಗಳನ್ನು ಬದಿಗೆ ಸರಿಸಿದರು.

ಟ್ರಿಗರನ್ನು ಒಂದಿಷ್ಟೇ ಒತ್ತಿದೆ. ಬರಬೇಕಾದದ್ದು ಗುಂಯ್ ಎನ್ನುವ ಸದ್ದು. ಬಂದದ್ದು ಟರ್ರ್ ಎನ್ನುವ ಕುಟ್ಟು. ನಾನು ಬೆರಳು ಬಿಡುವಷ್ಟರಲ್ಲಿ ತಲೆಯ ಮೇಲೆ ಏನೋ ಟಣ್ಣೆಂದು ಬಿರಿಯಿತು. ಅಂಗೈಯಗಲದ ಗಾರೆ, ಅದರ ಹಿಂದೆಯೇ ಚೂಪು ಅಂಚಿನ ಕೆಂಪು ಹೆಂಚಿನಂಥ ತುಂಡು ನನ್ನ ಭುಜ ಸವರಿಕೊಂಡು ಬಿದ್ದು ಚಾಪೆಯ ಮೇಲೆ ಎರಡಾಯಿತು. ಬಿದ್ದದ್ದು ತೊಟ್ಟಿಲು ತೂಗಬೇಕಾಗಿದ್ದ ಜಾಗದ ನಟ್ಟನಡುವೆ.

ಅಷ್ಟಾದರೂ ಕೋಣೆಯಲ್ಲಿ ಮಲಗಿದ್ದ ಕೂಸಿಗೆ ಎಚ್ಚರವಾಗಲಿಲ್ಲ.

ಕೆಳಗಿಳಿದು ಮೊದಲು ಪ್ಲಗ್ ಕಿತ್ತೆ. ಗುಬುಟನ್ನು ಅತ್ತಿತ್ತ ಆಡಿಸಿದೆ, ಪೂರ್ತಿ ಕೂರಲು ಒಲ್ಲೆ ಎನ್ನುತ್ತಿತ್ತು. ಬೆಳಕಿಗೆ ಹಿಡಿದು ನೋಡಿದರೆ ಗುಬುಟಿನ ಅಂಚಿನ ಕೆಳಗೆ ಹಳದಿ ಬಣ್ಣದ್ದೇನೋ ಕೂತಿತ್ತು. ಅಮ್ಮ ಹತ್ತಿರ ಬಂದು ಬಗ್ಗಿದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಸಂದಿಯಲ್ಲಿ ಆಡಿಸಿ, ಹೊರಗೆಳೆದರು. ಒಂದು ಅಕ್ಕಿಕಾಳು. ಅರಿಶಿಣದ ಹಸಿಯಲ್ಲಿ ಅಂಟಿಕೊಂಡು ಒಳಗೆ ಸರಿದಿತ್ತು. ಬಾಣ ಒಂದು ಹೇಳುತ್ತಿತ್ತು, ಒಳಗಿನ ಸುತ್ತಿಗೆ ಇನ್ನೊಂದು ಮಾಡುತ್ತಿತ್ತು.

"ನಂದಾ ಕಾಳ ಇದು," ಎಂದರು ಅವರು. ಮುಖ ಸಣ್ಣದಾಗಿತ್ತು. "ಒಳ್ಳೇದ ಆಗಲೆಂತ ಹಾಕಿದ್ನೆವಾ."

"ಒಳ್ಳೇದೇ ಆಯ್ತು ಬಿಡಿ ಅಮ್ಮ," ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. "ಕಟ್ ಅನ್ನದೆ ಇದ್ದಾಗ್ಲೇ ನಾನು ನಿಲ್ಲಿಸ್ಬೇಕಿತ್ತು, ಅದು ನನ್ನ ಲೆಕ್ಕ. ಆದ್ರೆ ಈ ಕಾಳು ಇಲ್ದೇ ಇದ್ರೆ ನೀಟಾಗಿ ಒಂದು ತೂತು ಬೀಳ್ತಿತ್ತು. ಒಳಗೆ ಏನಿದೆ ಅಂತ ಹೀಗೆ ಕಣ್ಣಾರೆ ಕಾಣ್ತಿರ್ಲಿಲ್ಲ."

ಮತ್ತೆ ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದೆ. ಸೂರು ಕಾಂಕ್ರೀಟಿನದಲ್ಲ. ಒಳಗೆ ಟೊಳ್ಳಾದ ಸುಟ್ಟ ಇಟ್ಟಿಗೆಗಳ ಸಾಲು, ನಡುನಡುವೆ ಮಾತ್ರ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ. ಹಳೇ ಡಚ್ ಕಟ್ಟಡಗಳಲ್ಲಿ ಹೀಗಿರುತ್ತದೆ. ಇಟ್ಟಿಗೆಯ ತಳದ ಸಿಪ್ಪೆ ನನ್ನ ಕಿರುಬೆರಳಿನಷ್ಟೂ ದಪ್ಪವಿರಲಿಲ್ಲ.

ಇಷ್ಟರಲ್ಲಿ ಬೆಲ್ ಆಯಿತು. ಮೇಲಿನ ಮನೆಯ ಯಜಮಾನರು, ಎತ್ತರದ ಮುದುಕ, ಓದುವ ಕನ್ನಡಕವನ್ನು ಹಣೆಗೇರಿಸಿಕೊಂಡೇ ಬಂದಿದ್ದರು. ನನ್ನ ಕಾಲ ಕೆಳಗೆ ಏನೋ ಬಿರಿಯಿತಲ್ಲ ಎಂದು ಡಚ್‌ನಲ್ಲಿ ಕೇಳಿದರು. ನಾನು ಸುತ್ತಿ ಬಳಸದೆ ಒಳಗೆ ಕರೆದು ತೂತು ತೋರಿಸಿದೆ. ಒಡೆದದ್ದು ಕೆಳಗಿನ ಸಿಪ್ಪೆ ಮಾತ್ರ, ನಿಮ್ಮ ನೆಲ ಹೊತ್ತಿರುವ ಪಟ್ಟಿಗೆ ಏನೂ ಆಗಿಲ್ಲ, ಇದನ್ನು ನಾನೇ ಮುಚ್ಚಿಕೊಡುತ್ತೇನೆ ಎಂದೆ. ಅವರು ಬಹಳ ಹೊತ್ತು ನೋಡಿದರು. ಈ ಕಟ್ಟಡದಲ್ಲಿ ಸೂರಿಗೆ ದೀಪಕ್ಕಿಂತ ಭಾರದ್ದನ್ನು ಯಾರೂ ನೇತುಹಾಕುವುದಿಲ್ಲ, ಹಾಕುವ ಮೊದಲು ನನ್ನನ್ನು ಕೇಳಬಹುದಿತ್ತು ಎಂದರು. ಈ ದೇಶದ ಜನರಲ್ಲಿ ನನಗೆ ಇದೇ ಇಷ್ಟ, ಬೈಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗುವುದಿಲ್ಲ. ನೆಲದ ಮೇಲಿನ ತೊಟ್ಟಿಲನ್ನೂ ನೋಡಿದರು. ಗಿಳಿಗಳು ಚೆನ್ನಾಗಿವೆ ಎಂದು ಹೇಳಿ ಮೇಲೆ ಹೋದರು.

"ಈಗ ಮಷಿನ್ ಸರಿ ಆಯ್ತಲ್ಲ," ಎಂದ ಅಳಿಯ. "ಪಕ್ಕದಲ್ಲಿ ಬೇರೆ ಜಾಗ ನೋಡಿ ಹಾಕ್ಬಿಡಿ ಮೇಡಮ್. ಟೊಳ್ಳಿಗೆ ಹಾಕೋ ಆ್ಯಂಕರ್ ಬರುತ್ತಲ್ಲ, ಚಿಟ್ಟೆ ಥರ ಒಳಗೆ ಬಿಚ್ಕೊಳುತ್ತೆ. ಪಾಪು ಐದು ಕೇಜಿ ಅಷ್ಟೇ."

"ಪಾಪು ಐದು ಕೇಜಿ. ತೊಟ್ಟಿಲು?"

ಅವನು ತೊಟ್ಟಿಲ ಕಡೆ ನೋಡಿದ. ಸಾಗುವಾನಿ. ವಿಮಾನದವರು ತೂಕಕ್ಕೆ ತಕರಾರು ಮಾಡಿದ್ದು ಅವನಿಗೇ ಚೆನ್ನಾಗಿ ಗೊತ್ತಿತ್ತು.

"ಮತ್ತೆ ಅದು ಸುಮ್ನೆ ತೂಗುಬಿದ್ದಿರೋ ದೀಪ ಅಲ್ಲ. ತೂಗ್ತೀರಿ. ಒಂದೊಂದು ತೂಗಿಗೂ ಆ ಸಿಪ್ಪೆ ಅಷ್ಟಷ್ಟೇ ಸಡಿಲ ಆಗುತ್ತೆ. ಇವತ್ತು ನಿಲ್ಲುತ್ತೆ, ಫೋಟೋ ಎಲ್ಲ ಚೆನ್ನಾಗಿ ಬರುತ್ತೆ. ನಾಳೆಗೆ ನಾನು ಗ್ಯಾರಂಟಿ ಕೊಡಲ್ಲ."

"ಇವತ್ತಿಗೆ ಮಾತ್ರ ಸಾಕಲ್ಲ ಮೇಡಮ್? ನಾವಿಬ್ರೂ ಆಚೆ ಈಚೆ ಕೈ ಕೊಟ್ಟು ಹಿಡ್ಕೊಂಡಿರ್ತೀವಿ."

"ಈ ಸೂರಿಗೆ ಮಗು ತೂಗುಹಾಕೋ ಕೊಕ್ಕೆ ನಾನು ಹಾಕಲ್ಲ. ಇವತ್ತಿಗೂ ಇಲ್ಲ, ಐದು ನಿಮಿಷಕ್ಕೂ ಇಲ್ಲ."

ನನ್ನ ಧ್ವನಿ ಸ್ವಲ್ಪ ಜೋರಾಯಿತು ಎಂದು ಕಾಣುತ್ತದೆ. ಮಗಳು ಮೆಲ್ಲಗೆ, "ಅವ್ವಾ, ಸ್ಟ್ಯಾಂಡ್ ತರ್ತಾರ ಬಿಡು. ಆನ್‌ಲೈನ್ ಸಿಗ್ತೈತಿ. ತೊಟ್ಟಿಲಾನ ಕೆಳಗ ಇಟ್ಟ ಹೆಸರ ಇಡೂಣು," ಎಂದಳು.

"ನೆಲದ ಮ್ಯಾಲ ಇಟ್ರ ಅದು ಮಂಚಾತು. ತೊಟ್ಟಿಲಾ ಹೆಂಗಾದೀತು?" ಎಂದರು ಅಮ್ಮ. ಚಾಪೆಯ ಮೇಲೆ ಕೂತು, ಗಾರೆಯ ಪುಡಿ ಬಿದ್ದಿದ್ದ ಗಿಳಿಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸತೊಡಗಿದರು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ಹೀಗೆ ಒರೆಸುತ್ತಾ ಕೂತವರ ಮುಂದೆ ನಾನೇನು ಮಾಡಲಿ? ಸಾಮಾನು ಕಟ್ಟಿಕೊಂಡು ಹೊರಟುಬಿಡಲು ನನಗೆ ಪೂರ್ತಿ ಹಕ್ಕಿತ್ತು, ಆದರೆ ಕಾಲು ಏಳಲಿಲ್ಲ.

ಸುಮ್ಮನೆ ಮಾತಿಗೆಂದು ಕೇಳಿದೆ. "ನಿಮ್ಮೂರಲ್ಲಿ ಇದನ್ನ ಯಾವುದಕ್ಕೆ ಕಟ್ತಿದ್ರಿ ಅಮ್ಮ? ಅಲ್ಲೂ ಹೆಂಚಿನ ಮನೆ ಅಲ್ವಾ, ಸೂರು ತಡೀತಿತ್ತಾ?"

ಅವರು ತಲೆ ಎತ್ತಿ, ಇದೆಂಥಾ ಪ್ರಶ್ನೆ ಎನ್ನುವ ಹಾಗೆ ನೋಡಿದರು. "ಸೂರಿಗೆ ಯಾರ ಕಟ್ತಾರ ತಂಗಿ? ತೊಲಿಗೆ ಕಟ್ಟೂದು. ಈ ಗ್ವಾಡಿಯಿಂದ ಆ ಗ್ವಾಡಿಗೆ ತೊಲಿ ಇರತೈತಲ್ಲ."

ಗೋಡೆಯಿಂದ ಗೋಡೆಗೆ. ನಾನು ಬೆಳಗ್ಗಿನಿಂದ ತಲೆ ಮೇಲೆತ್ತಿಕೊಂಡೇ ಇದ್ದೆ, ಒಮ್ಮೆಯೂ ಪಕ್ಕಕ್ಕೆ ನೋಡಿರಲಿಲ್ಲ. ಹಾಲಿನಿಂದ ಅಡುಗೆಮನೆಗೆ ಹೋಗುವ ಕಡೆ ಎರಡು ದಪ್ಪ ಗೋಡೆಗಳು ಎದುರುಬದುರಾಗಿ ನಿಂತಿದ್ದವು, ನಡುವೆ ತೊಟ್ಟಿಲು ಉದ್ದಕ್ಕೆ ತೂಗುವಷ್ಟು ಜಾಗ. ಕಟ್ಟಡವನ್ನೇ ಹೊತ್ತಿರುವ ಗೋಡೆಗಳವು. ಕೊಕ್ಕೆ ಸೂರಿನಿಂದ ಜೋತುಬಿದ್ದರೆ ಭಾರ ಅದನ್ನು ಕೆಳಗೆ ಕೀಳುತ್ತಿರುತ್ತದೆ. ಅದೇ ತೊಲೆ ಗೋಡೆಯ ಮೇಲೆ ಕೂತರೆ ಭಾರ ನೇರ ಗೋಡೆಗೆ ಇಳಿಯುತ್ತದೆ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಇದು ನನಗೆ ಹೊಸದಲ್ಲ. ಆದರೂ ಕೊಕ್ಕೆ ಹಾಕಿಕೊಡಿ ಎಂದು ಕರೆದವರ ಮನೆಯಲ್ಲಿ ಕೊಕ್ಕೆಯನ್ನೇ ಯೋಚಿಸುತ್ತಾ ನಿಂತಿದ್ದೆ.

"ಅಮ್ಮಾ, ನಾಲ್ಕು ಗಂಟೆಗೆ ತೊಲೆ ಹಾಕಿ ಕೊಡ್ತೀನಿ," ಎಂದೆ. "ಗೋಡೆ ಗಟ್ಟಿ ಇದ್ರೆ."

ಮೊದಲು ಗೋಡೆಯನ್ನು ಕೇಳಬೇಕಿತ್ತು. ಗುಬುಟು ತಿರುಗಿಸಿದೆ. ಕಟ್ ಎಂದಿತು. ಆದರೂ ಚಾಪೆಯ ಮೇಲೆ ಬಿದ್ದಿದ್ದ ಹೆಂಚಿನ ತುಂಡಿಗೆ ಬಿಟ್ಟು ತಾಗಿಸಿ, ಕುಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಗೋಡೆಗೆ ಹೋದೆ. ಬರೀ ತಿರುಗಿಸಿ ಒಂದು ಸಣ್ಣ ತೂತು. ಬಿಳಿ ಗಾರೆಯ ಪುಡಿ ಬಂತು, ಆಮೇಲೆ ಕೆಂಪು. ಒಂದೇ ಸಮನೆ ಕೆಂಪು. ಎಲ್ಲೂ ಬಿಟ್ಟು ಧುಮುಕಲಿಲ್ಲ, ಕೈಗೆ ಬರುವ ತಡೆ ಮೊದಲಿನಿಂದ ಕೊನೆಯವರೆಗೂ ಒಂದೇ ಥರ ಇತ್ತು. ಗಟ್ಟಿ ಇಟ್ಟಿಗೆ. ಎದುರು ಗೋಡೆಯೂ ಹಾಗೇ. ನನ್ನ ಮುಖದಲ್ಲಿ ನಗು ಬಂದದ್ದನ್ನು ನೋಡಿ ಅಮ್ಮ ಎದ್ದು ಅಡುಗೆಮನೆಗೆ ಹೋದರು, ಹೂರಣ ರುಬ್ಬಬೇಕಿತ್ತಂತೆ.

ತೊಲೆ ಬೇಕಲ್ಲ. ಅಳಿಯನನ್ನು ಬೌಮಾರ್ಕ್ಟ್‌ಗೆ ಓಡಿಸಿದೆ. ಮರ, ಸಿಮೆಂಟು, ಮೊಳೆ ಎಲ್ಲ ಸಿಗುವ ದೊಡ್ಡ ಅಂಗಡಿ, ಮರವನ್ನು ಅಳತೆಗೆ ಕೊಯ್ದೂ ಕೊಡುತ್ತಾರೆ. ತೊಲೆ ಕೂರುವ ಎತ್ತರದಲ್ಲೇ ಎರಡು ಗೋಡೆಗಳ ನಡುವಿನ ಅಳತೆ ತೆಗೆದು ಅವನಿಗೆ ಕೊಟ್ಟೆ. ಹಳೇ ಗೋಡೆ ಕೆಳಗೊಂದು ಅಳತೆ ಹೇಳಿದರೆ ಮೇಲೊಂದು ಹೇಳುತ್ತದೆ. ವ್ಯಾನ್ ಕೊಡುತ್ತೇನೆ ಎಂದರೆ ಬೇಡವೆಂದು, ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ ಏರಿದ. ಮಗುವನ್ನು ಕೂರಿಸಿಕೊಂಡು ಸುತ್ತಲೆಂದು ಕೊಂಡದ್ದು. ಅದರಲ್ಲಿ ಮೊದಲು ಸವಾರಿ ಮಾಡಿದ್ದು ತೊಲೆ. ಅವನು ತಿರುಗಿ ಬಂದಾಗ ಪೆಟ್ಟಿಗೆಯಿಂದ ಫಿರಂಗಿಯ ಹಾಗೆ ಚಾಚಿಕೊಂಡಿತ್ತು, ತುದಿಗೆ ಅಂಗಡಿಯವರು ಕೆಂಪು ಬಟ್ಟೆ ಕಟ್ಟಿ ಕಳಿಸಿದ್ದರು.

ಅಷ್ಟರಲ್ಲಿ ಹನ್ನೆರಡು ದಾಟಿತ್ತು. ಸದ್ದು ಮಾಡುವ ಹೊತ್ತು ಮುಗಿದಿತ್ತು. ಬೆಳಗ್ಗೆ ಸೂರು ಒಡೆದವಳು ಈಗ ಇನ್ನಷ್ಟು ಹೊತ್ತು ಕೊಡಿ ಎಂದು ಕೇಳಲು ಮೆಟ್ಟಿಲು ಹತ್ತಿದೆ. ಯಜಮಾನರು ಊಟಕ್ಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಸೂರು ಬಿಟ್ಟು ಗೋಡೆಗೆ ಬಂದಿದ್ದೇನೆ, ಎಂಟು ತೂತು, ಮುಗಿದ ಮೇಲೆ ಒಂದು ಸದ್ದೂ ಇರುವುದಿಲ್ಲ ಎಂದೆ.

"ಗೋಡೆ ಗಟ್ಟಿ ಇದೆಯೋ ಇಲ್ಲವೋ ಈ ಸಲ ಮೊದಲೇ ನೋಡಿದಿರಾ?" ಎಂದು ಕೇಳಿದರು.

"ನೋಡಿದೆ."

"ಹಾಗಾದರೆ ನಾನು ಊಟ ಮುಗಿಸಿ ಒಂದು ಸುತ್ತು ಹೊರಗೆ ನಡೆದು ಬರುತ್ತೇನೆ. ನಾನು ತಿರುಗಿ ಬರುವಷ್ಟರಲ್ಲಿ ಮುಗಿದಿರಬೇಕು."

ಅವರು ಕೋಟು ಹಾಕಿಕೊಂಡು ಕೆಳಗಿಳಿದದ್ದು ಕಿಟಕಿಯಿಂದ ಕಂಡಿತು. ಅಟ್ಟದ ಕಪಾಟುಗಳಿಗೆಂದು ವ್ಯಾನಿನಲ್ಲಿ ಇಟ್ಟುಕೊಂಡಿರುವ, ತೊಲೆಯ ತುದಿ ಕೂರುವ ಉಕ್ಕಿನ ಆಸರೆಗಳನ್ನು ತಂದೆ. ರಸಮಟ್ಟ ಇಟ್ಟು ಎರಡೂ ಗೋಡೆಗೆ ಗೆರೆ ಹಾಕಿದೆ. ಈಗ ಗುಬುಟನ್ನು ಸುತ್ತಿಗೆ ಗುರುತಿಗೆ ತಿರುಗಿಸಿದೆ. ಕಟ್. ಗಟ್ಟಿ ಇಟ್ಟಿಗೆಗೆ ಸುತ್ತಿಗೆ ಬೇಕು, ಆದರೆ ಮೆಲ್ಲಗೆ. ಪೂರ್ತಿ ಟ್ರಿಗರ್ ಒತ್ತಿದರೆ ಇಟ್ಟಿಗೆಯ ಹಿಂಬದಿ ಬಿರಿಯುತ್ತದೆ. ಬೆರಳನ್ನು ಮೂರರಲ್ಲಿ ಒಂದು ಪಾಲು ಒತ್ತಿ ಬಿಟ್ಟಿಗೆ ಗೋಡೆಯಲ್ಲೊಂದು ಕುಳಿ ಮಾಡಿಕೊಳ್ಳಲು ಬಿಟ್ಟೆ, ಅದು ಜಾಗ ಹಿಡಿದ ಮೇಲೆ ಅರ್ಧಕ್ಕೆ ಏರಿಸಿದೆ. ತೂತಿನ ಆಳ ಅಳೆಯಲು ಮಷಿನ್ನಿಗೆ ಸಿಕ್ಕಿಸಿದ್ದ ಕಡ್ಡಿ ಗೋಡೆಗೆ ತಾಗಿದ ಕೂಡಲೇ ನಿಲ್ಲಿಸದೆ, ಅದೇ ದಿಕ್ಕಿಗೆ ತಿರುಗಿಸುತ್ತಲೇ ಬಿಟ್ಟನ್ನು ಹೊರಗೆಳೆದೆ. ಉಲ್ಟಾ ತಿರುಗಿಸುವ ಗುಂಡಿ ತಿರುಪು ಬಿಚ್ಚಲು ಇರುವುದು. ಉಲ್ಟಾ ಎಳೆದರೆ ಪುಡಿಯೆಲ್ಲ ಒಳಗೇ ಉಳಿಯುತ್ತದೆ.

ಒಂದು ಗೋಡೆ ಬೆಣ್ಣೆಯಂತೆ ಮುಗಿಯಿತು. ಎರಡನೆಯದರಲ್ಲಿ ಮೇಲಿನ ತೂತು ಕೊರೆಯುವಾಗ ಸದ್ದು ಮಂದವಾಯಿತು, ಕೈಗೆ ತಡೆ ಸಿಗಲಿಲ್ಲ. ನಿಲ್ಲಿಸಿ ಬಿಟ್ಟು ತೆಗೆದರೆ ಮರಳಿನಂಥ ಬೂದು ಪುಡಿ. ಎರಡು ಇಟ್ಟಿಗೆ ಸೇರುವ ಸಂದಿಯಲ್ಲಿ ಹೋಗಿತ್ತು, ಒಳಗಿನ ಹಳೇ ಗಾರೆ ಪುಡಿಪುಡಿ. ತಿರುಪನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ತುರುಕಿದ್ದರೆ ತಿರುಪು ಹೇಗೋ ಕೂರುತ್ತಿತ್ತು, ನೋಡಿದವರಿಗೆ ಭದ್ರವಾಗಿಯೇ ಕಾಣುತ್ತಿತ್ತು. ನಾನು ಗೆರೆ ಅಳಿಸಿ ಎರಡೂ ಕಡೆ ಹೊಸದಾಗಿ ಮಟ್ಟ ಹಾಕಿದೆ. ಆಗಲೇ ಮುಗಿದಿದ್ದ ಗೋಡೆಯನ್ನೂ ಮತ್ತೆ ಕೊರೆದೆ.

"ಆ ಕಡೆ ಚೆನ್ನಾಗೇ ಬಂದಿತ್ತಲ್ಲ ಮೇಡಮ್," ಎಂದ ಅಳಿಯ, ಗಡಿಯಾರ ನೋಡುತ್ತಾ.

"ಒಂದ್ ಕಡೆ ಎತ್ತರ, ಒಂದ್ ಕಡೆ ತಗ್ಗು ಆದ್ರೆ ಪಾಪು ಜಾರಿ ಒಂದೇ ಮೂಲೆಗೆ ಬರುತ್ತೆ. ನೀವು ಕಸ ಗುಡಿಸಿ."

ಅವನು ಗುಡಿಸಿದ. ನಾನು ಪಂಪಿನಿಂದ ಪ್ರತಿ ತೂತಿನ ಪುಡಿ ಊದಿ ತೆಗೆದು, ಉದ್ದನೆಯ ಪ್ಲಗ್ ಹಾಕಿ, ಆಸರೆಗಳನ್ನು ಬಿಗಿದೆ. ತೊಲೆಗೆ ಆರಪಾರ ಎರಡು ತೂತು ಬೇಕಿತ್ತು. ಮರದ ಬಿಟ್ಟು, ಗುಬುಟು ಮತ್ತೆ ಬರೀ ತಿರುಗುವ ಗುರುತಿಗೆ, ಕಟ್. ಕೊಂಡಿ ಇರುವ ದಪ್ಪ ಬೋಲ್ಟುಗಳನ್ನು ಕೆಳಗಿನಿಂದ ತೂರಿಸಿ, ಮೇಲೆ ಅಗಲವಾದ ವಾಷರು, ಎರಡೆರಡು ನಟ್ಟು. ಬರೀ ಮರಕ್ಕೆ ತಿರುಪಿದ ಕೊಕ್ಕೆಯನ್ನು ತೂಗುವ ವಸ್ತುವಿಗೆ ನಾನು ನಂಬುವುದಿಲ್ಲ.

ಕೊನೆಯ ತಿರುಪು ಬಿಗಿದು ಮಷಿನ್ ನಿಲ್ಲಿಸಿದ ಮೇಲೆ ಮನೆ ನಿಶ್ಶಬ್ದವಾಯಿತು. ಅಷ್ಟು ಹೊತ್ತು ಆ ಸದ್ದಿನಲ್ಲೇ ನಿದ್ದೆ ಮಾಡಿದ್ದ ಕೂಸು ಆಗ ಎದ್ದು ಕಿರುಚತೊಡಗಿತು.

ನಾನು ತೊಲೆ ಹಿಡಿದು ಕಾಲು ಮೇಲೆತ್ತಿ ಜೋತುಬಿದ್ದೆ. ನನ್ನ ತೂಕ ಇಲ್ಲಿ ಹೇಳುವುದಿಲ್ಲ, ಕಡಿಮೆಯಂತೂ ಅಲ್ಲ. ಬೇಕೆಂದೇ ಅತ್ತಿತ್ತ ತೂಗಾಡಿದೆ. ಇಳಿದು ಆಸರೆಯ ಅಂಚಿಗೆ ಹಾಕಿದ್ದ ಪೆನ್ಸಿಲ್ ಗುರುತು ನೋಡಿದೆ, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅಳಿಯನನ್ನೂ ಜೋತುಬೀಳಲು ಹೇಳಿದೆ. ಅವನ ಹೆಂಡತಿ ಅದರ ಫೋಟೋ ತೆಗೆದುಕೊಂಡಳು. ಆಮೇಲೆ ಅಮ್ಮನೂ ನಾನೂ ಸೇರಿ ತೊಟ್ಟಿಲ ಬೆಣೆಗಳನ್ನು ಕೂರಿಸಿ ಸರಪಳಿ ಸಿಕ್ಕಿಸಿದೆವು. ಅಮ್ಮ ನನ್ನನ್ನು ಹೊರಡಲು ಬಿಡಲಿಲ್ಲ. ಹೋಳಿಗೆ ತಿನ್ನದೆ ಹೋಗುವುದು ಅಪಶಕುನವಂತೆ. ಇಂಥ ಶಕುನಗಳನ್ನು ನಾನು ತಪ್ಪದೆ ಪಾಲಿಸುತ್ತೇನೆ. ಸೂರಿನ ತೂತಿಗೆ ಅಲ್ಲೀವರೆಗೆ ಒಂದು ತಟ್ಟೆ ಗಾರೆ ಮೆತ್ತಿ ಕೈ ತೊಳೆದುಕೊಂಡೆ.

ನಾಲ್ಕಕ್ಕೆ ಆರೇಳು ಜನ ಗೆಳೆಯರು ಬಂದರು, ಅವರಲ್ಲಿ ಮಂತ್ರ ಬಲ್ಲವರೊಬ್ಬರೂ ಇದ್ದರು. ಮೇಲಿನ ಮನೆಯ ಯಜಮಾನರೂ ಬಂದು, ತೊಲೆಯ ಎರಡೂ ತುದಿಗಳನ್ನು ಬಗ್ಗಿ ನೋಡಿ, ತಲೆಯಾಡಿಸಿ ಕುರ್ಚಿ ಹಿಡಿದರು. ಶಾಸ್ತ್ರ ಶುರುವಾಗುವಾಗ ಅಮ್ಮನಿಗೆ ಒಂದು ನೆನಪಾಯಿತು. ಅವರ ಕಡೆ ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರೆ, ಒಳಕಲ್ಲಿನ ಗುಂಡು. ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು, ಅದು ಕಲ್ಲಿನಂತೆ ಗಟ್ಟಿಯಾಗಿ ಮಲಗಿದ ಮೇಲೆ ಕೂಸಿನ ಸರದಿ. ಮಿಕ್ಸಿಯ ಮನೆಯಲ್ಲಿ ಗುಂಡಕಲ್ಲು ಎಲ್ಲಿಂದ ಬರಬೇಕು? ಸುತ್ತ ನೋಡಿದರು. ಅವರ ಕಣ್ಣು ನನ್ನ ಪೆಟ್ಟಿಗೆಯ ಮೇಲೆ ನಿಂತಿತು.

"ತಂಗಿ, ನಿನ್ನ ಮಷಿನ್ ಎಷ್ಟ ವಜ್ಜಾ ಐತಿ?"

"ಹೆಚ್ಚೂಕಮ್ಮಿ ನಿಮ್ಮ ಮೊಮ್ಮಗಳಷ್ಟೇ."

"ಕೊಡಿಲ್ಲೆ."

ಬಿಟ್ಟು ತೆಗೆದು, ವೈರು ಸುತ್ತಿ ಕೊಟ್ಟೆ. ನನ್ನ ಡ್ರಿಲ್ ಮಷಿನ್ನಿಗೆ ಕುಲಾವಿ ಹಾಕಿದರು. ಶಾಲಿನಲ್ಲಿ ಸುತ್ತಿ, ಕಲಘಟಗಿಯ ಗಿಳಿಗಳ ನಡುವೆ ಮಲಗಿಸಿದರು. ಗೆಳತಿಯರು ನಗುತ್ತಾ ಜೋಗುಳ ಹಾಡಿದರು. ನಾನು ನಗಲಿಲ್ಲ. ತೊಲೆಯ ತುದಿಗೆ ಕೈಯಿಟ್ಟುಕೊಂಡು ಒಂದೊಂದು ತೂಗೂ ಅಂಗೈಗೆ ಹೇಗೆ ಬರುತ್ತದೆ ಎಂದು ಕೇಳುತ್ತಿದ್ದೆ. ಕಿರಗುಟ್ಟಲಿಲ್ಲ, ಅಲುಗಲಿಲ್ಲ.

ಮಷಿನ್ ತೆಗೆದು ನನ್ನ ಕೈಗೆ ಕೊಟ್ಟು, ಮಗಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡರು. ತೊಟ್ಟಿಲ ಪಕ್ಕ ಬಂದವರು ನಿಂತುಬಿಟ್ಟರು. ಬೆಳಗ್ಗೆ ಚಾಪೆಯ ಮೇಲೆ ಬಿದ್ದ ಆ ಕೆಂಪು ತುಂಡನ್ನು ಅವರೂ ನೋಡಿದ್ದರಲ್ಲ. ಮಂತ್ರ ಹೇಳಲು ಕೂತಿದ್ದವರನ್ನು ನೋಡಲಿಲ್ಲ, ಅಳಿಯನನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು.

"ಹಾಕ್ಲೇನವಾ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಟಿವಿ ಬಿದ್ದರೆ ಟಿವಿ, ಕಪಾಟು ಬಿದ್ದರೆ ಕಪಾಟು. ತೂತುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಮುಟ್ಟಿ ಬಂದೆ, ಒಂದೊಂದರ ಪುಡಿಯ ಬಣ್ಣವನ್ನೂ ನೆನಪಿಸಿಕೊಂಡೆ.

"ಹಾಕ್ರಿ ಅಮ್ಮ," ಎಂದೆ.

ಅವರು ಬಗ್ಗಿ ಕೂಸನ್ನು ಮಲಗಿಸಿ, ಮೆಲ್ಲಗೆ ಕೈ ಬಿಟ್ಟರು.